ಖಾಲಿ ಸಾಲಿನ ಉಸಿರು

ನನ್ನ ಭಾವ ಯಾವ ಮಾತನ್ನೂ ಒಂದೇ ಸಲ ಹೇಳಿ ಸುಮ್ಮನಾದವರಲ್ಲ. ಉಪ್ಪು ಕಡಿಮೆಯಾಗಿದೆ ಎಂಬುದನ್ನು ಎರಡು ಸಲ ಹೇಳುತ್ತಿದ್ದರು, ಬಾಗಿಲು ಹಾಕಿಕೊಳ್ಳಿ ಎಂಬುದನ್ನೂ ಎರಡು ಸಲ. ಎರಡನೆಯ ಸಲ ದನಿ ಏರುತ್ತಿರಲಿಲ್ಲ, ಒತ್ತು ಬದಲಾಗುತ್ತಿರಲಿಲ್ಲ, ಅಸಹನೆಯ ಸುಳಿವೂ ಇರುತ್ತಿರಲಿಲ್ಲ. ಮೊದಲ ಮಾತು ಯಾವ ಅಳತೆಯಲ್ಲಿ ಹೊರಟಿತ್ತೋ ಎರಡನೆಯದೂ ಅದೇ ಅಳತೆಯಲ್ಲಿ, ಅದೇ ಗತಿಯಲ್ಲಿ, ಆಗತಾನೆ ಹೊರಗೆ ಹೋದವನೇ ಮತ್ತೊಮ್ಮೆ ಹೊರಗೆ ಹೋದ ಹಾಗೆ ನಮ್ಮ ಕಿವಿಯನ್ನು ಹಾದುಹೋಗುತ್ತಿತ್ತು. ಅವರನ್ನು ಹೊಸದಾಗಿ ಕಂಡವರು ತಮ್ಮ ಕಿವಿಯ ಮೇಲೇ ಅನುಮಾನಪಟ್ಟದ್ದುಂಟು. ರೈಲು ನಿಲ್ದಾಣದಲ್ಲಿ ಪ್ರಕಟಣೆ ಹೇಳುವುದು ಅವರ ಉದ್ಯೋಗ. ಗದ್ದಲದಲ್ಲಿ ಒಂದು ಸಲ ಹೇಳಿದ್ದು ಹೇಳದೆ ಬಿಟ್ಟಂತೆಯೇ ಎಂಬುದು ಆ ಪ್ರಕಟಣೆಯ ಕೋಣೆಯ ಕಟ್ಟಳೆ. ಆ ಕಟ್ಟಳೆ ಅವರ ಮೈಗೆ ಹತ್ತಿ, ಮನೆಗೂ ಬಂದು, ಊಟದ ಮೇಜಿನವರೆಗೂ ನಡೆದುಕೊಂಡು ಬಂದುಬಿಟ್ಟಿತ್ತು.

ನೋಡಲು ಎತ್ತರದ ಆಳು. ಮೈಗಿಂತ ಒಂದು ಅಳತೆ ದೊಡ್ಡದಾದ ಕರಿಯ ಕೋಟು. ಅದರ ಮೊಣಕೈಗಳು ಸವೆದು ಮಿರಮಿರ ಮಿನುಗುತ್ತಿದ್ದರೂ, ದರ್ಜಿಯಾದ ನನ್ನ ಅಕ್ಕನೇ ಹೊಸ ಬಟ್ಟೆ ಹಿಡಿದು ಎದುರಿಗೆ ನಿಂತರೂ, ಅದನ್ನು ಬಿಡಲು ಒಪ್ಪಿದವರಲ್ಲ. ಯಾವ ಬಾಗಿಲನ್ನಾದರೂ ದಾಟುವ ಮುನ್ನ ಹೊಸ್ತಿಲಲ್ಲಿ ಕ್ಷಣಕಾಲ ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುವುದು ಅವರ ಇನ್ನೊಂದು ಅಭ್ಯಾಸ. “ಅಡುಗೆಮನೆಗೂ ನಡುಮನೆಗೂ ಮಧ್ಯೆ ಯಾವ ಗಾಡಿ ಬರುತ್ತೆ ಭಾವ?” ಎಂದು ನಾನೊಮ್ಮೆ ಕೆಣಕಿದ್ದೆ. “ಹೇಳೋಕಾಗಲ್ಲ. ಹೇಳೋಕಾಗಲ್ಲ,” ಎಂದರು ಭಾವ. ಅವರ ಮುಖದಲ್ಲಿ ನಗೆಯ ಗೆರೆಯೊಂದೂ ಮೂಡಲಿಲ್ಲ.

ಅವರಿಗೆ ಎರಡು ಗಂಟಲುಗಳಿವೆ ಎಂದು ಅಕ್ಕ ಹೇಳುತ್ತಿದ್ದಳು, ಆಫೀಸಿನದೊಂದು, ಮನೆಯದೊಂದು. ಆಫೀಸಿನ ಗಂಟಲನ್ನು ನಾವು ಮನೆಮಂದಿ ಕೇಳಿದ್ದು ಅವರ ಮದುವೆಯ ದಿನ. ಅತಿಥಿಗಳನ್ನು ಊಟಕ್ಕೆ ಕರೆಯಲು ಯಾರ ಕೂಗೂ ಸಾಲದೆ ಹೋದಾಗ ನನ್ನ ತಂದೆ ಹೊಸ ಅಳಿಯನ ಕಡೆ ನೋಡಿದರು. ಭಾವ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಊಟ ಸಿದ್ಧವಾಗಿದೆಯೆಂದು ಎರಡು ಸಲ ತಿಳಿಸಿದರು. ಆ ಗಂಭೀರ ನಾದ ಕಿವಿಗೆ ಬಿದ್ದದ್ದೇ ತಡ, ಅರ್ಧ ಜನ ಕಾಲ ಬಳಿಯಿದ್ದ ಚೀಲಗಳನ್ನು ಎತ್ತಿಕೊಂಡು ಎದ್ದು ನಿಂತುಬಿಟ್ಟರು. ಮನೆಯ ಗಂಟಲಾದರೋ ತೀರ ತಗ್ಗಿನದು, ಸ್ವಲ್ಪ ಒರಟಾದದ್ದು, ಪಕ್ಕದಲ್ಲಿ ಕುಳಿತವರಿಗಷ್ಟೇ ಸಾಕಾಗುವಂಥದು. ಅದು ಯಾವ ಯಂತ್ರದಲ್ಲೂ ದಾಖಲಾಗಲಿಲ್ಲ.

ಆಫೀಸಿನದು ದಾಖಲಾಯಿತು. ಪ್ರಕಟಣೆಗಳನ್ನು ಯಂತ್ರವೇ ಜೋಡಿಸಿ ಹೇಳುವ ಏರ್ಪಾಟು ಬಂದಾಗ, ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ ಕೋಣೆಯೊಂದರಲ್ಲಿ ಭಾವನನ್ನು ಕೂರಿಸಿ ಊರುಗಳ ಹೆಸರನ್ನೆಲ್ಲ ಹೇಳಿಸಿದರು. ಒಂದೊಂದು ಊರನ್ನೂ ಮೂರು ಬಗೆಯಲ್ಲಿ ಹೇಳಬೇಕು: ಮುಂದೆ ಇನ್ನೂ ದಾರಿಯಿದೆ ಎಂಬಂತೆ ಒಮ್ಮೆ, ಹಾದುಹೋಗುವಂತೆ ಒಮ್ಮೆ, ಇಲ್ಲಿಗೆ ಮುಗಿಯಿತು ಎಂಬಂತೆ ಒಮ್ಮೆ. ಪ್ರತಿ ಹೆಸರಿನ ಮುಂದೆಯೂ ಕೂದಲೆಳೆಯಷ್ಟು ಮೌನ ಬಿಡಬೇಕು, ಆ ಮೌನದಲ್ಲೇ ಯಂತ್ರ ಬೆಸುಗೆ ಹಾಕುವುದು. ಆಮೇಲೆ ಅವರು ಹೇಳದೆ ಇದ್ದ ವಾಕ್ಯಗಳನ್ನೆಲ್ಲ ಅವರ ದನಿಯೇ ಹೇಳತೊಡಗಿತು. ಅವರು ಕುರ್ಚಿಯಲ್ಲಿ ಕುಳಿತು, ಕೈಕಟ್ಟಿಕೊಂಡು, ತಾವು ಎಲ್ಲಿಯೂ ತಪ್ಪುತ್ತಿಲ್ಲ ತಾನೇ ಎಂದು ಕಿವಿಗೊಡುತ್ತಿದ್ದರು.

ನಿವೃತ್ತರಾದ ಸ್ವಲ್ಪ ಕಾಲಕ್ಕೆ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ವೈದ್ಯರು ಜೀವ ಉಳಿಸಿ ದನಿಯ ಪೆಟ್ಟಿಗೆಯನ್ನು ತೆಗೆದುಹಾಕಿದರು. ಕತ್ತಿನ ಬುಡದಲ್ಲಿ ಒಂದು ರಂಧ್ರ ಮಾಡಿದರು; ಅಂದಿನಿಂದ ಅವರ ಉಸಿರಾಟವೆಲ್ಲ ಅದರ ಮೂಲಕವೇ, ಮೂಗಿಗೂ ಬಾಯಿಗೂ ಆ ಕೆಲಸ ತಪ್ಪಿತು. ಆ ರಂಧ್ರಕ್ಕೆ ತೆಳುವಾದ ಮಫ್ಲರ್ ಸುತ್ತಿಕೊಂಡು ಅವರು ದಿನವೂ ಸಂಜೆ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ನೆತ್ತಿಯ ಮೇಲಿನ ಧ್ವನಿವರ್ಧಕದಲ್ಲಿ ಭಾವನ ದನಿ, ತುಂಬು ಗಂಟಲಿನಲ್ಲಿ, ಗಾಡಿ ತಡವಾಗಿರುವುದಕ್ಕೆ ವಿಷಾದಿಸುತ್ತಿತ್ತು; ಅದರ ಕೆಳಗೆ ಭಾವ, ತುಟಿ ಬಿಗಿದುಕೊಂಡು, ಮಫ್ಲರಿನ ಅಂಚು ಮೆಲ್ಲಗೆ ಅಲುಗುವಷ್ಟು ಮಾತ್ರ ಬದುಕಿರುವವರಂತೆ ಕುಳಿತಿದ್ದರು. ಜನ ತಲೆಯೆತ್ತಿ ಧ್ವನಿವರ್ಧಕವನ್ನು ನೋಡುತ್ತಿದ್ದರೇ ಹೊರತು ಇವರನ್ನು ಯಾರೂ ನೋಡಲಿಲ್ಲ. ಮತ್ತೆ ನಾನು ಅಲ್ಲಿಗೆ ಅವರ ಜೊತೆ ಹೋಗಲಿಲ್ಲ.

ಇದಿಷ್ಟೇ ಆಗಿದ್ದರೆ ಹೇಗೋ ಸಾಗುತ್ತಿತ್ತು. ಭಾವ ಬರೆದು ತೋರಿಸುತ್ತಿದ್ದರು, ಅಕ್ಕ ಓದಿಕೊಳ್ಳುತ್ತಿದ್ದಳು. ಆದರೆ ಅಕ್ಕನ ಕಣ್ಣು ಮಂಜಾಗತೊಡಗಿತು. ನೋಟದ ನಡುಭಾಗವೇ ಅಳಿಸಿಹೋಗಿ ಅಂಚು ಮಾತ್ರ ಉಳಿಯುವ ಕಾಯಿಲೆ ಅದು. ನೇರವಾಗಿ ನೋಡಿದ್ದು ಮಾಯವಾಗುತ್ತದೆ, ಮುಖ ತಿರುಗಿಸಿದರೆ ಅಂಚಿನಲ್ಲಿ ಬಂದು ನಿಲ್ಲುತ್ತದೆ. “ನಿನ್ನ ಮುಖ ನೋಡ್ಬೇಕಾದ್ರೆ ನಿನ್ನ ಕಿವಿ ಪಕ್ಕದ ಗೋಡೆ ನೋಡ್ಬೇಕು ಕಣೋ,” ಎಂದು ಅವಳು ನಗುತ್ತಲೇ ಹೇಳಿದಳು. ಭಾವನ ಅಕ್ಷರಗಳು ದಪ್ಪವಾಗುತ್ತ ಹೋದವು. ಹಾಳೆಗೆ ಒಂದು ವಾಕ್ಯವಿದ್ದದ್ದು ಒಂದು ಪದವಾಯಿತು, ಕೊನೆಗೆ ಒಂದು ಹಾಳೆಗೆ ಒಂದೇ ಅಕ್ಷರ. ಅದೂ ಸಾಗದೆ ಹೋದಾಗ ಅವಳ ಅಂಗೈಯ ಮೇಲೆ ಬೆರಳಿನಿಂದ ಬರೆಯತೊಡಗಿದರು. ಕಚಗುಳಿಗೆ ಮೊದಮೊದಲು ನಗುತ್ತಿದ್ದವಳು ಆಮೇಲಾಮೇಲೆ ಸುಸ್ತಾದಳು. ಒಂದು ಮಾತು ಮುಗಿಯುವುದರೊಳಗೆ ಅದರ ಆರಂಭ ಮರೆತುಹೋಗುತ್ತಿತ್ತು. ಒಂದೇ ಸೂರಿನ ಕೆಳಗೆ ನೋಡಲಾರದ ಹೆಂಡತಿ, ಮಾತಾಡಲಾರದ ಗಂಡ; ನಡುವೆ ಒಂದು ಅಂಗೈ ಅಗಲದ ದಾರಿ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಬೇರೆ ಉಪಾಯಗಳು ಇರಲಿಲ್ಲವೆಂದಲ್ಲ. ಕತ್ತಿಗೆ ಒತ್ತಿ ಹಿಡಿದರೆ ಗುಂಯ್‌ಗುಟ್ಟುತ್ತ ಮಾತಾಡಿಸುವ ಸಾಧನವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು; ಒಂದು ಸಲ ಅದರಲ್ಲಿ ಮಾತಾಡಿದ ಭಾವ ಅದನ್ನು ಮೇಜಿನ ಡ್ರಾಯರಿನೊಳಗಿಟ್ಟು ಮತ್ತೆ ಮುಟ್ಟಲಿಲ್ಲ. ಬರೆದದ್ದನ್ನು ಫೋನು ಓದಿ ಹೇಳುತ್ತದೆಂದು ನಾನೇ ಕಲಿಸಿಕೊಟ್ಟೆ. ಅದರಲ್ಲಿದ್ದದ್ದು ಒಬ್ಬ ಹೆಣ್ಣುಮಗಳ ದನಿ. “ಯಾರಿವಳು? ನಿಮ್ಮ ಮಾತು ಇವಳ ಬಾಯಲ್ಲಿ ಬರೋದಾದ್ರೆ ನನಗೆ ಬೇಡಾರೀ,” ಎಂದಳು ಅಕ್ಕ. ಗಂಡುದನಿಗೆ ಬದಲಾಯಿಸಿದರೆ, “ಈಗ ಸಾಲ ಬೇಕಾ ಅಂತ ಕೇಳೋನು ಬಂದ,” ಎಂದು ಫೋನನ್ನು ಪಕ್ಕಕ್ಕೆ ತಳ್ಳಿದಳು.

ಆ ಹೊತ್ತಿಗೆ ನಿಲ್ದಾಣದಲ್ಲಿ ದನಿ ಬದಲಾಯಿತು. ಹಳೆಯ ಸಹೋದ್ಯೋಗಿಯೊಬ್ಬರು, ಧ್ವನಿಯಂತ್ರಗಳ ಉಸ್ತುವಾರಿ ನೋಡಿಕೊಳ್ಳುವವರು, ಬೆಂಕಿಪೆಟ್ಟಿಗೆಯಷ್ಟಿದ್ದ ಒಂದು ಡ್ರೈವನ್ನು ತಂದು ಭಾವನ ಕೈಯಲ್ಲಿಟ್ಟರು. “ಅಳಿಸಿಹಾಕೋಕೆ ಹೇಳಿದ್ರು. ಮನಸ್ಸು ಬರಲಿಲ್ಲ. ನಿಮ್ಮ ಗಂಟಲು ನೀವೇ ಇಟ್ಕೊಳ್ಳಿ ಸಾರ್,” ಎಂದರು. ಒಬ್ಬರ ದನಿಯ ತುಣುಕುಗಳನ್ನು ಕೊಟ್ಟರೆ, ಬರೆದದ್ದನ್ನೆಲ್ಲ ಅದೇ ದನಿಯಲ್ಲಿ ಹೇಳುವ ಸಾಫ್ಟ್‌ವೇರ್ ಇದೆಯೆಂದೂ, ಅದು ಬಿಟ್ಟಿ ಸಿಗುತ್ತದೆಂದೂ ಭಾವ ಎಲ್ಲೋ ಓದಿದ್ದರು. ಅಂದಿನಿಂದ ಅವರು ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಕೋಟು ತೊಟ್ಟು ಕೂರತೊಡಗಿದರು, ಡ್ಯೂಟಿಗೆ ಕೂರುವ ಹಾಗೆ.

ಇನ್‌ಸ್ಟಾಲ್ ಮಾಡುವುದೆಂದರೆ ಒಂದು ಗುಂಡಿ ಒತ್ತಿ ಚಹಾ ಕುಡಿದು ಬರುವುದೆಂದು ನಾನು ತಿಳಿದಿದ್ದೆ. ಇದು ಆ ಜಾತಿಯದಲ್ಲ. ಸ್ಕ್ರೀನಿನ ಮೇಲೆ ಕರಿಯ ಕಿಟಕಿಯೊಂದು ತೆರೆಯುತ್ತದೆ, ಅದರಲ್ಲಿ ಒಂದು ಗೀಟು ಮಿಣುಕುತ್ತ ನಿಂತಿರುತ್ತದೆ, ಚಿತ್ರವಿಲ್ಲ, ಗುಂಡಿಯಿಲ್ಲ. ಸೂಚನೆಯ ಪುಟದಲ್ಲಿರುವ ಆಜ್ಞೆಯನ್ನು ಅಕ್ಷರ ಬಿಡದೆ ಅಲ್ಲಿ ಬರೆದು ಎಂಟರ್ ಒತ್ತಬೇಕು, ಯಂತ್ರ ಒಪ್ಪಿದರೆ ಸಾಲುಸಾಲಾಗಿ ಏನೇನೋ ಹರಿಯುತ್ತದೆ, ಒಪ್ಪದಿದ್ದರೆ ಒಂದು ಸಾಲಿನಲ್ಲಿ ಕಾರಣ ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ. ನನಗೆ ತಿಳಿದಿದ್ದದ್ದು ಅಷ್ಟಕ್ಕಷ್ಟೇ. ಆದರೂ ಇಂಗ್ಲಿಷ್ ಓದಿ ಅರ್ಥ ಹೇಳಲೆಂದು ಮಧ್ಯಾಹ್ನದ ಹೊತ್ತು ಅವರ ಪಕ್ಕದಲ್ಲಿ ಕೂರುತ್ತಿದ್ದೆ. ಭಾವ ಮಾತಿಗೆ ಒಂದು ಪ್ಯಾಡು ಇಟ್ಟುಕೊಂಡಿದ್ದರು. ಅದರಲ್ಲಿಯೂ ಎಲ್ಲವನ್ನೂ ಎರಡು ಸಲ ಬರೆಯುತ್ತಿದ್ದರು.

ಮೊದಲ ಪ್ರಯತ್ನ ಆರಂಭದಲ್ಲೇ ಮುಗ್ಗರಿಸಿತು. ಈ ಸಾಫ್ಟ್‌ವೇರ್ ನಿಲ್ಲಬೇಕಾದ ತಳಹದಿಯೊಂದು ಕಂಪ್ಯೂಟರಿನಲ್ಲಿ ಇತ್ತು, ಆದರೆ ಅದು ತೀರ ಹೊಸದು, ಇದಕ್ಕೆ ಬೇಕಾದದ್ದು ಹಳೆಯದು. ಬಾಗಿಲಲ್ಲಿ ನಿಂತಿದ್ದ ಅಕ್ಕ, “ಏನಂತೆ?” ಎಂದಳು. ಹೇಳಿದೆ. “ಹಳೇದೇ ಬೇಕಂತಾ? ಪರವಾಗಿಲ್ವೇ, ನಮ್ಮ ಪೈಕಿಯೇ!” ಎಂದು ಅವಳಿಗೆ ಖುಷಿಯಾಯಿತು. ಹಳೆಯದನ್ನು ಹುಡುಕಿ, ಹೊಸದನ್ನು ಕೆಡಿಸದೆ ಅದರ ಪಕ್ಕದಲ್ಲೇ ಕೂರಿಸಿ, ಮತ್ತೆ ಆಜ್ಞೆ ಕೊಟ್ಟು, ಮರುದಿನ ಬರುವೆನೆಂದು ನಾನು ಹೊರಟೆ.

ಮರುದಿನ ಹೋದಾಗ ಸ್ಕ್ರೀನಿನ ಮೇಲೆ ಒಂದೇ ಸಾಲು ನಿಂತಿತ್ತು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಹೇಳಿದೆ: ಈ ಕೆಲಸವನ್ನು ಇನ್ನೊಬ್ಬರು ಈಗಾಗಲೇ ಹಿಡಿದುಕೊಂಡಿದ್ದಾರೆ, ಅವರು ಬಿಡುವವರೆಗೆ ಕಾಯುತ್ತಿದ್ದೇನೆ.

“ಇನ್ನೊಬ್ರು ಅಂದ್ರೆ ಯಾರು?” ಎಂದಳು ಅಕ್ಕ.

ಭಾವ ಗೊತ್ತಿಲ್ಲವೆಂಬಂತೆ ತಲೆಯಾಡಿಸಿದರು. ಆ ಕೋಣೆಯಲ್ಲಿ ನಾವು ಮೂವರೇ ಇದ್ದೆವು. ಆ ಕಂಪ್ಯೂಟರನ್ನು ಮುಟ್ಟುವವರು ಭಾವ, ಅವರನ್ನು ಬಿಟ್ಟರೆ ನಾನು. ನಾನು ಸುಮ್ಮನೆ ನಕ್ಕೆ. ಕಾದು ನೋಡಿದೆವು, ಸಾಲು ಬದಲಾಗಲಿಲ್ಲ. ಮರುದಿನವೂ ಅದೇ. ಆರಿಸಿ ಹಚ್ಚಿದ್ದರೆ ಬಗೆಹರಿಯುತ್ತಿತ್ತೋ ಏನೋ. ಆದರೆ ಕೆಲಸದ ನಡುವೆ ಯಂತ್ರವನ್ನು ಆರಿಸುವುದು ಭಾವನ ಧರ್ಮದಲ್ಲಿರಲಿಲ್ಲ, ನಾನು ಸ್ವಿಚ್ಚಿನ ಕಡೆ ಕೈ ಚಾಚಿದಾಗಲೆಲ್ಲ ಅವರು ಅದನ್ನು ಮೆಲ್ಲಗೆ ಸರಿಸುತ್ತಿದ್ದರು. ಹೀಗೆ ಕೆಲವು ದಿನ ಕಳೆದವು. ಅಷ್ಟರಲ್ಲಿ ಮನೆಯ ವಾತಾವರಣವೇ ಬೇರೆಯಾಯಿತು. ಅಕ್ಕ ಆ ಕೋಣೆಯ ಮುಂದೆ ಹಾಯುವಾಗ ದನಿ ತಗ್ಗಿಸತೊಡಗಿದಳು. ಭಾವ ಹೊಸ್ತಿಲಲ್ಲಿ ನಿಲ್ಲುವ ಹೊತ್ತು ಉದ್ದವಾಯಿತು. ಹಾಡಹಗಲಿನಲ್ಲಿ, ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿರುವಾಗಲೇ, ಆ ಕುರ್ಚಿಯಲ್ಲಿ ನಮಗಿಂತ ಮುಂಚೆ ಯಾರೋ ಕುಳಿತು, ನಮ್ಮದೇ ಕೆಲಸವನ್ನು, ನಮಗಿಂತ ತಾಳ್ಮೆಯಿಂದ ಮಾಡುತ್ತಿದ್ದಾರೆ ಎಂಬ ಭಾವನೆ ನನ್ನನ್ನೂ ಹಿಡಿಯಿತು. ನಾನು ಇಂಥವನ್ನೆಲ್ಲ ನಂಬುವವನಲ್ಲ. ಆದರೂ ಆ ಕುರ್ಚಿಯಲ್ಲಿ ಕೂರಲು ಮನಸ್ಸಾಗುತ್ತಿರಲಿಲ್ಲ.

ಕೊನೆಗೆ, ಯಾರು ಯಾರು ಯಾವ ಕೆಲಸದಲ್ಲಿದ್ದಾರೆಂದು ತೋರಿಸುವ ಆಜ್ಞೆಯೊಂದು ಸಿಕ್ಕಿತು. ಅದನ್ನು ಕೊಟ್ಟಾಗ ಉದ್ದನೆಯ ಪಟ್ಟಿ ಇಳಿದು ಬಂತು. ಬೆರಳಿಟ್ಟು ಹುಡುಕುತ್ತ ಹೋದವನು ಆ ಸಾಲಿಗೆ ಬಂದು ನಿಂತೆ. ಕೆಲಸ ಹಿಡಿದುಕೊಂಡಿರುವವರ ಹೆಸರು ಎಡಗಡೆ ಬರೆದಿತ್ತು.

“ಭಾವ, ಇದು ನೀವೇ,” ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಪ್ಯಾಡಿನಲ್ಲಿ ಬರೆದರು: ನಾನೇ? ನಾನೇ?

ತೆರೆದಿದ್ದ ಕಿಟಕಿಗಳನ್ನೆಲ್ಲ ಒಂದೊಂದಾಗಿ ಸರಿಸಿದಾಗ, ಎಲ್ಲದರ ಹಿಂದೆ, ಇನ್ನೊಂದು ಕರಿಯ ಕಿಟಕಿ ಸಿಕ್ಕಿತು. ಆಗ ಎಲ್ಲ ತಿಳಿಯಿತು. ನಾನು ಹೊರಟ ಮೇಲೆ ಭಾವ, ಒಮ್ಮೆ ಹೇಳಿದ್ದು ಹೇಳದೆ ಬಿಟ್ಟಂತೆಯೇ ಎಂಬ ತಮ್ಮ ಕಟ್ಟಳೆಯ ಪ್ರಕಾರ, ಹೊಸ ಕಿಟಕಿ ತೆರೆದು ಅದೇ ಆಜ್ಞೆಯನ್ನು ಅಕ್ಷರಶಃ ಇನ್ನೊಮ್ಮೆ ಕೊಟ್ಟಿದ್ದರು. ಹಿಂದಿನ ಕಿಟಕಿಯಲ್ಲಿ ಯಂತ್ರ, ಮುಂದುವರಿಯಲೇ, ಹೌದೋ ಅಲ್ಲವೋ ಎಂದು ಕೇಳಿ ಉತ್ತರಕ್ಕೆ ಕಾಯುತ್ತಿತ್ತು. ಮುಂದಿನ ಕಿಟಕಿ ಹಿಂದಿನದು ಬಿಡಲೆಂದು ಕಾಯುತ್ತಿತ್ತು. ಮುಂದಿನದರ ಮುಂದೆ ನಾವು ಕಾಯುತ್ತಿದ್ದೆವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಅಕ್ಕನೂ ನಕ್ಕಳು. ಭಾವ ನಗಲಿಲ್ಲ. ಎರಡನೆಯ ಕಿಟಕಿಯನ್ನು ಮುಚ್ಚಿ, ಮೊದಲನೆಯದರಲ್ಲಿ ‘ಹೌದು’ ಎಂಬುದಕ್ಕೆ ಇಟ್ಟಿದ್ದ ಅಕ್ಷರವನ್ನು ಒತ್ತಿದರು. ಸಾಲುಗಳು ದಬದಬನೆ ಹರಿಯತೊಡಗಿದವು.

ಆಮೇಲೆ ಯಂತ್ರ ಹಗಲಿರುಳು ಅವರ ದನಿಯ ತುಣುಕುಗಳನ್ನು ನುಂಗಿತು. ಕಂಪ್ಯೂಟರಿನ ಪಂಖ ನಿಲ್ಲದೆ ಗುರ್ರೆನ್ನುತ್ತಿತ್ತು, ಕೋಣೆಗೆ ಸುಟ್ಟ ಧೂಳಿನ ವಾಸನೆ. ಅದು ಮುಗಿಯಿತೆಂದು ತಿಳಿದ ಮಧ್ಯಾಹ್ನ ನಾನು ಅಲ್ಲಿದ್ದೆ. ಭಾವ ಕೋಟಿನ ಗುಂಡಿ ಹಾಕಿಕೊಂಡು ಕುಳಿತರು. ಅಕ್ಕ ನಡುಮನೆಯಲ್ಲಿ ಕೈಯ ಸ್ಪರ್ಶದಲ್ಲೇ ಗುಂಡಿ ಹೊಲಿಯುತ್ತಿದ್ದಳು. ಹೇಳಬೇಕಾದ ಮಾತನ್ನು ಇಲ್ಲಿ ಬರೆಯಿರಿ ಎಂದು ಯಂತ್ರ ಕೇಳಿತು. ಇಷ್ಟು ಕಾಲ ಹೇಳಲಾಗದೆ ಉಳಿದದ್ದರಲ್ಲಿ ಮೊದಲು ಯಾವುದನ್ನು ಹೇಳುವುದೆಂದು ಅವರಿಗೆ ತೋಚಲಿಲ್ಲವೆಂದು ಕಾಣುತ್ತದೆ. ಬೆರಳುಗಳು ಕೀಲಿಗಳ ಮೇಲೆ ಸುಳಿದಾಡಿ, ಏನನ್ನೂ ಬರೆಯದೆ, ಎಂಟರ್ ಮೇಲೆ ಇಳಿದುಬಿಟ್ಟವು. ಖಾಲಿ ಸಾಲು ಯಂತ್ರದೊಳಗೆ ಹೋಯಿತು.

ಸ್ಪೀಕರಿನಿಂದ ಉಸಿರೊಂದು ಬಂತು. ಮೂಗಿನಿಂದ ಎಳೆದುಕೊಂಡ, ಮೃದುವಾದ, ಪೂರ್ತಿ ಉಸಿರು. ಅದರ ತುದಿಯಲ್ಲಿ ತುಟಿಗಳು ಬಿಡಿಸಿಕೊಂಡ ಸಣ್ಣ ಸದ್ದು. ಮಾತಿಗೆ ಮುಂಚೆ ಮನುಷ್ಯ ತೆಗೆದುಕೊಳ್ಳುವ ಉಸಿರು ಅದು. ಮಾತು ಬರಲಿಲ್ಲ. ನನ್ನ ಪಕ್ಕದಲ್ಲಿ ಭಾವ ಕುಳಿತಿದ್ದರು, ಮೂಗಿನಿಂದ ಉಸಿರಾಡುವುದು ನಿಂತು ಎಷ್ಟೋ ಕಾಲವಾದ ಭಾವ. ಅವರ ಮೂಗಿನ ಉಸಿರು ಎದುರಿಗಿನ ಡಬ್ಬಿಯಿಂದ ಬಂದಿತ್ತು.

ನಡುಮನೆಯಲ್ಲಿ ಸೂಜಿ ನಿಂತಿತು. “ಏನ್ರೀ?” ಎಂದಳು ಅಕ್ಕ, ಏನೋ ಹೇಳಲು ಹೊರಟ ಗಂಡನಿಗೆ ಓಗೊಡುವಂತೆ, ತೀರ ಸಹಜವಾಗಿ. ಅರೆಕ್ಷಣದ ಮೇಲೆ ಅವಳಿಗೆ ನೆನಪಾಗಿರಬೇಕು; ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

ಭಾವ ಅವಸರವಸರವಾಗಿ ಅವಳ ಹೆಸರನ್ನು ಬರೆದು, ಕೇಳಿಸಿತೇ ಎಂದು ಬರೆದು, ಒತ್ತಿದರು. ದನಿ ಮೊಳಗಿತು. ನಿಸ್ಸಂದೇಹವಾಗಿ ಭಾವನದೇ, ಅದೇ ಸ್ಫುಟತೆ, ಅದೇ ಗಾಂಭೀರ್ಯ, ಕಬ್ಬಿಣದ ಚಾವಣಿಯ ಕೆಳಗೆ ನಿಂತಂತೆ. ಆದರೆ ಅಕ್ಕನ ಹೆಸರಿನ ಮುಂದೆ ಕೂದಲೆಳೆಯಷ್ಟು ಮೌನ ಬಿತ್ತು. ಹೆಸರು ಕೊನೆಯಲ್ಲಿ ಇಳಿಯಿತು, ಇಲ್ಲಿಗೆ ಮುಗಿಯಿತು, ಎಲ್ಲರೂ ಇಳಿದುಕೊಳ್ಳಿ ಎಂಬ ಹಾಗೆ.

“ನಾನೇನು ಊರಾ?” ಎಂದಳು ಅಕ್ಕ. “ಇದು ನೀವಲ್ಲಾರೀ. ನಿಲ್ಲಿಸಿ. ನನಗೆ ಭಯ ಆಗುತ್ತೆ, ನಿಲ್ಲಿಸಿ.”

ಭಾವನ ಕೈಗಳು ತೊಡೆಯ ಮೇಲೆ ಬಿದ್ದವು. ಅಷ್ಟು ದಿನದ ಶ್ರಮ, ಅಷ್ಟು ದಿನದ ಆಸೆ. ನಾನು ಅವರ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. ಸ್ವಲ್ಪ ಹೊತ್ತಿನ ಮೇಲೆ ಅಕ್ಕನೇ ಹತ್ತಿರ ಬಂದು, ತಡಕಾಡಿ, ಅವರ ಭುಜ ಹಿಡಿದಳು.

“ಅದಕ್ಕೆ ಮುಂಚೆ ಬಂತಲ್ಲ,” ಎಂದಳು. “ಅದು ಹಾಕಿ.”

ಅವರು ಖಾಲಿ ಸಾಲನ್ನೇ ಮತ್ತೆ ಒತ್ತಿದರು. ಉಸಿರು ಬಂತು. ಅಕ್ಕ ಭುಜ ಬಿಡದೆ ಕಣ್ಣು ಮುಚ್ಚಿ ನಿಂತು ಕೇಳಿಸಿಕೊಂಡಳು. “ಇದು ಹೌದು,” ಎಂದಳು.

ಅಲ್ಲಿಂದ ಆ ಮನೆಯಲ್ಲಿ ಸಂಭಾಷಣೆಯ ಹೊಸ ಕ್ರಮವೊಂದು ರೂಢಿಯಾಯಿತು. ಭಾವ ಖಾಲಿ ಸಾಲನ್ನು ಒತ್ತುವರು, ಉಸಿರು ಕೇಳಿಸುವುದು, ಅಕ್ಕ “ಹೇಳಿ” ಎನ್ನುತ್ತ ಬಂದು ಅಂಗೈ ಚಾಚುವಳು. ಗಂಡ ಇದ್ದಾರೆ ಎಂಬುದಕ್ಕೆ ಉಸಿರು, ಹೇಳುವುದಕ್ಕೆ ಬೆರಳು. ಮುಂಚಿನ ದಣಿವು ಅವಳಲ್ಲಿ ಕಾಣಲಿಲ್ಲ. ನಾನು ಸಂತೋಷಪಡಬೇಕಿತ್ತು, ಪಟ್ಟೆ ಕೂಡ. ಆದರೆ ಎದುರಿಗೆ ಭಾವ ಸದ್ದಿಲ್ಲದೆ ಚಹಾ ಕುಡಿಯುತ್ತಿರುವಾಗ, ಮೊದಲೇ ಕೊಟ್ಟಿದ್ದ ಆಜ್ಞೆಯೊಂದು ತಡವಾಗಿ ಫಲಿಸಿ, ಪಕ್ಕದ ಕೋಣೆಯಿಂದ ಅವರದೇ ಉಸಿರು ಕೇಳಿಬಂದರೆ, ನನ್ನ ಕೈಯಲ್ಲಿನ ಲೋಟ ಅಲ್ಲೇ ನಿಲ್ಲುತ್ತಿತ್ತು. ಇನ್ನೂ ಒಂದು ಸಂಗತಿಯಿತ್ತು. ಖಾಲಿ ಸಾಲಿಗೆ ಯಂತ್ರ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿರಲಿಲ್ಲ. ಒಮ್ಮೆ ಸಣ್ಣ ಕೆಮ್ಮು. ಒಮ್ಮೆ ಮೂಗಿನಲ್ಲೇ ಉಳಿದ ಹೂಂಕಾರ. ಒಮ್ಮೆ ಅದುಮಿಟ್ಟ ನಗೆಯಂಥದು. ಆ ಬಟ್ಟೆ ಹೊದಿಸಿದ ಕೋಣೆಯಲ್ಲಿ ತಾವು ನಕ್ಕದ್ದೇ ಇಲ್ಲವೆಂದು ಭಾವ ಪ್ಯಾಡಿನಲ್ಲಿ ನನಗೆ ಬರೆದು ತೋರಿಸಿದರು. ಎರಡು ಸಲ ಬರೆದು, ಕೆಳಗೆ ಗೆರೆ ಎಳೆದಿದ್ದರು.

ತಾವು ಹೊರಗೆ ಹೋದಾಗ ಅಕ್ಕ ಒಂಟಿಯಾಗಿ ಹೆದರುತ್ತಾಳೆಂದು ಅವರು ಆಮೇಲೆ ಇನ್ನೊಂದು ಏರ್ಪಾಟು ಮಾಡಿದರು. ಆಗಾಗ ತಾನೇ ಒಂದು ಖಾಲಿ ಸಾಲನ್ನು ನುಡಿಯುವಂತೆ ಕಂಪ್ಯೂಟರಿಗೆ ಆಜ್ಞೆ ಬರೆದಿಟ್ಟರು. ಅದು ಯಂತ್ರದ್ದೇ ಎಂದು ಅಕ್ಕನಿಗೆ ಗೊತ್ತಿತ್ತು. ಬೇಡವೆನ್ನಲಿಲ್ಲ.

ಒಂದು ದಿನ ಮಾರುಕಟ್ಟೆಯಿಂದ ಬರುತ್ತಿದ್ದ ಭಾವ ಬೀದಿಯ ತಿರುವಿನಲ್ಲಿ ಸಿಕ್ಕರು. ಕೈಯಲ್ಲಿ ಕಂದುಬಣ್ಣದ ಗೋಣಿಬಟ್ಟೆಯ ಚೀಲ. ಒಟ್ಟಿಗೆ ಗೇಟು ದಾಟಿ ಮೆಟ್ಟಿಲವರೆಗೆ ಬಂದೆವು. ಕಿಟಕಿ ತೆರೆದಿತ್ತು, ಒಳಗೆ ಅಕ್ಕ ಮಾತಾಡುತ್ತಿದ್ದಳು. ಯಾರೋ ಬಂದಿದ್ದಾರೆಂದು ಮೊದಲು ತಿಳಿದೆ. ಅಷ್ಟು ಸಲೀಸಾಗಿ, ಅಷ್ಟು ಸಲುಗೆಯಿಂದ ಹರಿಯುತ್ತಿತ್ತು ಮಾತು.

“ನಿಮಗೊಂದು ಹೇಳ್ತೀನಿ,” ಎನ್ನುತ್ತಿದ್ದಳು. “ಅವರ ಹತ್ರ ಹೇಳ್ಬೇಡಿ.”

ಒಳಗಿನಿಂದ ಯಂತ್ರದ ಉಸಿರು ಕೇಳಿಸಿತು.

“ಅಂಚಲ್ಲಿ ಕಾಣ್ತಿತ್ತಲ್ಲ, ಅದೂ ಹೋಯ್ತು. ಕಿಟಕಿ ಎಲ್ಲಿದೆ ಅಂತ ಬಿಸಿಲು ತಾಗಿದ್ರೆ ಗೊತ್ತಾಗುತ್ತೆ, ಅಷ್ಟೇ. ಅವರಿಗೆ ಇನ್ನೂ ಒಂಚೂರು ಕಾಣುತ್ತೆ ಅಂತಲೇ ಹೇಳಿದೀನಿ. ಗೊತ್ತಾದ್ರೆ ಎದೆ ಒಡ್ಕೋತಾರೆ. ಆಚೆ ಹೋಗೋದೇ ಬಿಟ್ಟು ನನ್ನ ಕಾಯ್ಕೊಂಡು ಕೂತ್ಬಿಡ್ತಾರೆ. ಅವರು ಮೊದಲಿನ ಹಾಗಿಲ್ಲ ನೋಡಿ, ತುಂಬ ಸೋತಿದಾರೆ. ನೀವಾದ್ರೆ ತಡ್ಕೋತೀರಿ.”

ಆಮೇಲೆ ಒಳಗಿನಿಂದ ಮೂಗಿನಲ್ಲೇ ಉಳಿದ ಆ ಹೂಂಕಾರ ಬಂತು. ಒಪ್ಪಿಗೆ ಬೇಕಾದವರು ಅದನ್ನು ಒಪ್ಪಿಗೆಯೆಂದೇ ತಿಳಿಯಬಹುದು.

ನಾನು ಕರೆಗಂಟೆಯತ್ತ ಕೈಯೆತ್ತಿದೆ. ಏನು ಮಾಡುವುದೆಂದು ತಿಳಿಯದೆ ಎತ್ತಿದ ಕೈ. ಭಾವ ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಅವರ ಕತ್ತಿನ ಬಳಿ ಉಸಿರು ಬಿರುಸಾಗಿ, ಮಫ್ಲರಿನೊಳಗಿಂದ ಸಣ್ಣಗೆ ಸುಯ್ಯೆನ್ನತೊಡಗಿತ್ತು. ಆ ಸದ್ದೂ ಒಳಗೆ ಕೇಳಿಸೀತೆಂದು ಅವರು ಎರಡು ಬೆರಳುಗಳನ್ನು ಮಫ್ಲರಿನ ಮೇಲೆ ಒತ್ತಿ, ರಂಧ್ರವನ್ನು ಮುಚ್ಚಿ, ಉಸಿರೇ ಇಲ್ಲದೆ ನಿಂತರು. ಒಳಗಡೆ ಅವರ ಉಸಿರು ಸಾವಧಾನವಾಗಿ ಬಂದು ಹೋಗುತ್ತಿತ್ತು, ಹೊರಗೆ ಅವರ ಮುಖ ಕಪ್ಪಿಡುತ್ತಿತ್ತು. ನಾನು ಬೆದರಿ ಅವರ ಕೈಯನ್ನು ಕಿತ್ತು ತೆಗೆಯಬೇಕಾಯಿತು.

ಆಮೇಲೆ ಅವರು ಚಪ್ಪಲಿಯನ್ನು ಕೈಗೆತ್ತಿಕೊಂಡು, ತುದಿಗಾಲಲ್ಲಿ ಗೇಟಿನವರೆಗೆ ಹಿಂದಿರುಗಿದರು. ನಾನೂ ಹಿಂಬಾಲಿಸಿದೆ. ಅಲ್ಲಿ ಚಪ್ಪಲಿ ಮೆಟ್ಟಿಕೊಂಡು, ಗೇಟನ್ನು ಧಡಾರನೆ ತೆಗೆದು ಧಡಾರನೆ ಹಾಕಿ, ಆಗತಾನೆ ಬಂದವರಂತೆ ಕಾಲನ್ನು ನೆಲಕ್ಕೆ ಉಜ್ಜುತ್ತ ನಡೆದು ಬಂದರು. ನಾನೂ ಬಂದಿದ್ದೇನೆಂದು ಗೇಟಿನಿಂದಲೇ ಕೂಗಿ ಹೇಳಿದೆ.

“ಬಂದ್ರಾ?” ಅಕ್ಕ ಬಾಗಿಲಿಗೆ ಬಂದು, ಮುಖವನ್ನು ಒಂದು ಕಡೆಗೆ ತಿರುಗಿಸಿ, ಅಂಚಿನ ನೋಟದಿಂದ ನೋಡುವವಳಂತೆ ನಿಂತಳು. “ನೀಲಿ ಚೀಲ ತಗೊಂಡು ಹೋಗಿದ್ರಾ? ನೀಲಿ ಆದ್ರೆ ನನಗೆ ಚೆನ್ನಾಗಿ ಕಾಣುತ್ತೆ.”

ಭಾವ ಕಂದು ಚೀಲವನ್ನು ಕೆಳಗಿಟ್ಟು, ಅವಳ ಅಂಗೈ ಬಿಡಿಸಿ, ಬರೆದರು. “ಹೌದು,” ಎಂದು ಓದಿ ಹೇಳಿ, ಅಕ್ಕ ನನ್ನ ಕಡೆಗೆ, ನಾನು ನಿಲ್ಲದೆ ಇದ್ದ ಕಡೆಗೆ, ತಿರುಗಿ ನಕ್ಕಳು. “ನೋಡಿದ್ಯಾ?”

ಪ್ರಕಟಣೆ ಹೇಳುವವರದು ವಿಚಿತ್ರವಾದ ಕುಲ. ಅವರ ದನಿಯನ್ನು ಕೇಳಿದ ನಾವು, ಹೇಳುವುದೇ ಅವರ ಕಸುಬೆಂದು ತಿಳಿದಿರುತ್ತೇವೆ. ಆ ಕಸುಬಿನ ದೊಡ್ಡ ಪಾಲು ಹೇಳದೆ ಇರುವುದು. ಗಾಡಿ ರದ್ದಾಯಿತೆಂಬುದು ಊರಿಗೆಲ್ಲ ಮೊದಲು ಗೊತ್ತಾಗುವುದು ಅವರಿಗೆ. ಹೇಳುವ ಹೊತ್ತು ಬರುವವರೆಗೆ ಆ ಸುದ್ದಿಯನ್ನು ಮಡಿಲಲ್ಲಿಟ್ಟುಕೊಂಡು ಅವರು ಗಾಜಿನ ಹಿಂದೆ ಕುಳಿತಿರುತ್ತಾರೆ. ಗಾಜಿನ ಈಚೆ ಜನ ಸಾಮಾನು ಜೋಡಿಸಿಕೊಳ್ಳುತ್ತ, ಹಳಿಯ ಕಡೆ ಇಣುಕುತ್ತ, ನಿಶ್ಚಿಂತೆಯಿಂದ ಇರುತ್ತಾರೆ. ಕಾಯುವವರ ಮುಖದಲ್ಲಿ ಆ ನಿಶ್ಚಿಂತೆ ಇರುವಷ್ಟು ಹೊತ್ತೂ ಅವರು ಬಾಯಿ ತೆರೆಯುವುದಿಲ್ಲ.